ಆಟವೇ ಕೇರಿಗೆ ಬಂದಾಗ: ನನ್ನ ಅನುಭವ

‘ಉಚಿತ ಬೇಸಿಗೆ ಶಿಬಿರ’ ಅಂತ ಬ್ಯಾನರ್ ಕಟ್ಟಿದರೆ ಬಡವರ ಮಕ್ಕಳು ಓಡಿ ಬರುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಕಾರವಾರದ ಒಂದು ಮೀನುಗಾರ ಕೇರಿಯಲ್ಲಿ ಕೆಲವು ವರ್ಷಗಳಿಂದ ಸಂಜೆ ಹೊತ್ತು ಮಕ್ಕಳನ್ನು ಆಡಿಸುತ್ತಿದ್ದೇನೆ. ಮೊದಲು ಸರ್ಕಾರಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಹಾಗಾಗಿ ಕೇರಿಯವರಿಗೆಲ್ಲ ನಾನು ಅಕ್ಕೋರು. ಶುರು ಮಾಡುವ ಮೊದಲು ಮನೆಮನೆಗೆ ಹೋಗಿ ಒಂದೇ ಮಾತು ಕೇಳಿದೆ: ಪೇಟೆಯ ಮೈದಾನದಲ್ಲಿ ಪುಕ್ಕಟೆ ಆಟ ಕಲಿಸುತ್ತಾರಲ್ಲ, ನಿಮ್ಮ ಮಕ್ಕಳನ್ನು ಯಾಕೆ ಕಳಿಸುವುದಿಲ್ಲ?

ಶಿಬಿರ ಇರುವುದು ಬೆಳಿಗ್ಗೆ. ತಾಯಂದಿರು ನಸುಕಿನಲ್ಲೇ ಬೈತಖೋಲ ಬಂದರಿಗೆ ಹೋಗುತ್ತಾರೆ. ಹರಾಜಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರಿ ಮನೆ ಸೇರುವಾಗ ಮಧ್ಯಾಹ್ನ. ಅಲ್ಲಿಯ ತನಕ ಸಣ್ಣವರನ್ನು ನೋಡಿಕೊಳ್ಳುವವಳು ಮನೆಯ ದೊಡ್ಡ ಹುಡುಗಿ. ಅವಳು ಎಲ್ಲಿಗೆ ಹೋಗಬೇಕು? ಗಂಡು ಮಕ್ಕಳಿಗೆ ಇನ್ನೊಂದು ತೊಡಕು. ಒಬ್ಬ ತಾಯಿ ಹೇಳಿದಳು, “ಅಕ್ಕೋರೇ, ಅಲ್ಲಿ ಎಲ್ಲಾ ಮಕ್ಕಳೂ ಬೂಟು ಹಾಕ್ಕಂಡು ಬರ್ತವೆ. ನನ್ನ ಮಗ ಒಂದಿನ ಹೋದ. ಮತ್ತೆ ಕಾಲೇ ಹಾಕ್ಲಿಲ್ಲ.” ಬಿಪಿಎಲ್ ಕಾರ್ಡ್ ತೋರಿಸಿದರೆ ಶುಲ್ಕ ಮಾಫಿ ಅನ್ನುವ ಕಡೆಯೂ ಇದೇ ಪಾಡು. ಬೇರೆ ಮಕ್ಕಳೆಲ್ಲ ನಿಂತ ಸಾಲಿನಲ್ಲಿ ಹತ್ತು ವರ್ಷದ ಹುಡುಗ ಆ ಕಾರ್ಡ್ ಹಿಡಿದು ನಿಲ್ಲಬೇಕು. ನಿಲ್ಲುವುದಿಲ್ಲ, ಅಲ್ವಾ?

ಹಾಗಾಗಿ ನಮ್ಮಲ್ಲಿ ಫಾರ್ಮೂ ಇಲ್ಲ, ಕಾರ್ಡೂ ಇಲ್ಲ. ಮಗುವಿನ ಹೆಸರು, ಮನೆಯವರ ಫೋನ್ ನಂಬರ್, ಅಷ್ಟೇ. ಅನುಕೂಲಸ್ಥರ ಮಕ್ಕಳೂ ಕೆಲವರು ಬರುತ್ತಾರೆ. ಬರಲಿ. ಯಾರು ಬಡವರು ಅಂತ ಹುಡುಕುವ ಕೆಲಸ ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೂಟಿನ ವಿಷಯಕ್ಕೂ ದಾರಿ ಸಿಕ್ಕಿತು. ಎಲ್ಲರೂ ಬರಿಗಾಲಲ್ಲೇ ಆಡುವುದು, ನಾನೂ ಸೇರಿ.

ಜಾಗ? ಕೇರಿಯ ಮುಂದೆ ಸಮುದ್ರವೇ ಇದೆ. ನೀರು ಇಳಿದಾಗ ಬಿಟ್ಟು ಹೋಗುವ ಒದ್ದೆ ಮರಳು ಗಟ್ಟಿಯಾಗಿ, ಸಪಾಟಾಗಿ ಇರುತ್ತದೆ. ಓಡಲು ಅದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ. ಆದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಗಡಿಯಾರದ ಟೈಮ್‌ಟೇಬಲ್ ಇಲ್ಲಿ ನಡೆಯುವುದಿಲ್ಲ, ತಿಥಿ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ಸಂಜೆಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಆಗ ಓಟ, ಕಬಡ್ಡಿ, ಖೋ ಖೋ. ಅಷ್ಟಮಿ ಹತ್ತಿರ ಬಂದಾಗ ಉಬ್ಬರ ಸಂಜೆಗೇ ಬರುತ್ತದೆ. ಆಗ ಮೇಲಿನ ಒಣ ಮರಳಲ್ಲಿ ವಾಲಿಬಾಲ್, ಲಗೋರಿ. ಈ ಲೆಕ್ಕ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ನಿಯಮ ಮಾತ್ರ ಸಡಿಲ ಮಾಡುವುದಿಲ್ಲ: ಆಟದ ಹೊತ್ತಲ್ಲಿ ಯಾರೂ ನೀರಿಗೆ ಇಳಿಯುವಂತಿಲ್ಲ. ನೀರಿನ ಬದಿಗೆ ಯಾವಾಗಲೂ ಒಬ್ಬ ದೊಡ್ಡವರು ನಿಂತಿರಬೇಕು. ನಿಲ್ಲುವವರು ಸಿಗದ ದಿನ ಆಟ ಇಲ್ಲ.

ವಾಲಿಬಾಲ್ ನೆಟ್ ಕೊಂಡುಕೊಳ್ಳಲಿಲ್ಲ. ಬಲೆ ನೇಯುವ ಊರಿನಲ್ಲಿ ನೆಟ್ ಕೊಳ್ಳುವುದು ಎಂದರೇನು! ಕೇರಿಯ ಅಜ್ಜ ಒಬ್ಬರ ಬಳಿ ಅಳತೆ ಹೇಳಿದೆ. ಅಗಲ 1 ಮೀಟರ್, ಕಣ್ಣು 10 ಸೆಂಟಿಮೀಟರ್ ಚೌಕ. “ಇಷ್ಟು ದೊಡ್ಡ ಕಣ್ಣಲ್ಲಿ ಯಾವ ಮೀನು ನಿಲ್ತದೆ?” ಅಂತ ನಕ್ಕರು. ಆಮೇಲೆ ಅಳತೆಗೆ ಸರಿಯಾಗಿ ಒಂದು ಮರದ ಪಟ್ಟಿ ಕೊಯ್ದುಕೊಂಡರು. ಹಳೆ ಬಲೆಯ ದಾರ ಬಿಚ್ಚಿ ಸೂಜಿಗೆ ಸುತ್ತಿ, ಪಟ್ಟಿಯ ಮೇಲೆ ದಾರ ಹಾಯಿಸಿ ಎಳೆದು ಗಂಟು, ಮತ್ತೆ ಹಾಯಿಸಿ ಗಂಟು. ಮಕ್ಕಳು ಸುತ್ತ ಕೂತು ನೋಡಿದರು, ಕೊನೆಯ ಸಾಲುಗಳನ್ನು ತಾವೇ ಹಾಕಿದರು. ಮೇಲಿನ ಅಂಚಿಗೆ ದೋಣಿಯ ಹಗ್ಗ, ಎರಡು ಬದಿಗೆ ಗಾಳಿಮರದ ಕಂಬ. ದೊಡ್ಡ ಹೆಂಗಸರ ಪಂದ್ಯಕ್ಕೆ ನೆಟ್ 2.24 ಮೀಟರ್ ಎತ್ತರ ಇರಬೇಕು. ನಾವು ಅದಕ್ಕಿಂತ ತುಂಬಾ ಕೆಳಗೆ ಕಟ್ಟುತ್ತೇವೆ. ಐದನೇ ಕ್ಲಾಸಿನ ಹುಡುಗಿಯ ಸರ್ವಿಸ್ ಆಚೆ ಬೀಳದಿದ್ದರೆ ಅವಳು ನಾಳೆ ಬರುವುದಿಲ್ಲ. ಆ ನೆಟ್ಟನ್ನು ಇವತ್ತಿನವರೆಗೆ ಯಾರೂ ಹರಿದಿಲ್ಲ, ಯಾರೂ ಕದ್ದಿಲ್ಲ.

ಸಣ್ಣ ತಮ್ಮ ತಂಗಿಯರನ್ನು ಕರೆದುಕೊಂಡೇ ಬನ್ನಿ ಅಂದೆವು. ದೋಣಿಯ ನೆರಳಲ್ಲಿ ಚಾಪೆ ಹಾಸಿ ಇಬ್ಬರು ಅಜ್ಜಿಯರು ಅವರನ್ನು ನೋಡಿಕೊಳ್ಳುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಹುಡುಗಿಯರ ಸಂಖ್ಯೆ ಏರಿದ್ದು ಬೇರೆ ಯಾವುದರಿಂದಲೂ ಅಲ್ಲ, ಇದರಿಂದ.

ಮಳೆಗಾಲದ ಮಾತು ಬೇರೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮನೆಯಲ್ಲಿ ದುಡ್ಡಿಗೆ ಬಿಗಿ, ಕಡಲು ದಡದ ತನಕ ನುಗ್ಗುತ್ತದೆ, ಮಕ್ಕಳು ಒಳಗೇ ಮೊಬೈಲ್ ಹಿಡಿದು ಕೂರುತ್ತಾರೆ. ಆದರೆ ಅದೇ ಎರಡು ತಿಂಗಳು ಮೀನು ಹರಾಜಿನ ಕೊಟ್ಟಿಗೆ ಖಾಲಿ. ಮೇಲೆ ಮಾಡು, ಕೆಳಗೆ ಸಿಮೆಂಟು. ಸಂಘದವರನ್ನು ಕೇಳಿದೆ, ಒಪ್ಪಿದರು. ನೆಲ ಜಾರುತ್ತದೆ ಅಂತ ಅಪ್ಪಂದಿರೇ ನಿಂತು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರು. ಅಲ್ಲಿ ಸ್ಕಿಪ್ಪಿಂಗ್, ಕುಂಟೆಬಿಲ್ಲೆ, ರಿಂಗ್. ದೋಣಿ ನಿಂತ ದಿನಗಳಲ್ಲಿ ಅಪ್ಪಂದಿರಿಗೂ ಪುರುಸೊತ್ತು. ಒಬ್ಬರು ಸೀಟಿ ಹಿಡಿದು ರೆಫ್ರಿ ಆದರು, ಈಗಲೂ ಅವರೇ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಮೈ ಬೆವರುವ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಇದೆ, ಆಟದ ಸಾಮಗ್ರಿಯೂ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ ತನಕ ಕೊಡಬಹುದು. ಎಷ್ಟೋ ಕಡೆ ಆ ಚೆಂಡುಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ನಾವು ಶಾಲೆಯ ಎಸ್‌ಡಿಎಂಸಿ (ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೂತು ಠರಾವು ಮಾಡಿಸಿದೆವು: ಸಂಜೆಗೂ ರಜೆಗೂ ಸಾಮಗ್ರಿ ಹೊರಗೆ ಬರಬೇಕು, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬೇಕು. ನಿಮ್ಮೂರಲ್ಲೂ ಇದನ್ನು ಕೇಳಿ. ಕೇಳುವುದು ಪಾಲಕರ ಹಕ್ಕು.

“ನಿಮ್ಮ ಮಕ್ಕಳು ಎಷ್ಟು ಜನ ರಾಜ್ಯಮಟ್ಟಕ್ಕೆ ಹೋದರು?” ಅಂತ ಯಾವಾಗಲೂ ಕೇಳುತ್ತಾರೆ. ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹಳೆಯದು. 1980ರ ದಶಕದಲ್ಲಿ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸಂಸ್ಥೆ ಇಲ್ಲಿನ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಕೆಲವರು ಪದಕ ತಂದರು. 90ರ ದಶಕದಲ್ಲಿ ಯೋಜನೆ ನಿಂತಿತು. ಆಯ್ಕೆ ಆಗದ ಮಕ್ಕಳಿಗೆ ಏನು ಸಿಕ್ಕಿತು ಅಂತ ಕೇಳಿದವರು ಕಡಿಮೆ. ನನಗೆ ಆ ಉಳಿದ ಮಕ್ಕಳೇ ಮುಖ್ಯ. ಚೆನ್ನಾಗಿ ಓಡುವವಳನ್ನು ಓಡದವಳಿಂದ ಬೇರೆ ಮಾಡುವ ಕೆಲಸ ನಮ್ಮ ದಡದಲ್ಲಿ ಆಗುವುದಿಲ್ಲ. ಹಾಗಂತ ಕನಸು ಬೇಡ ಅಂತಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಎರಡೂ ತಂಡ ಗೆದ್ದಾಗ, ಹೆಂಗಸರ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಚೈತ್ರಾ ಇದ್ದಾಳೆ ಅಂತ ಹುಡುಗಿಯರಿಗೆ ಹೇಳಿದೆ. ಅವತ್ತು ಕತ್ತಲಾದರೂ ಯಾರೂ ಮನೆಗೆ ಹೊರಡಲಿಲ್ಲ.

ಈಗಿನ ಚಿಂತೆ ಎಂಟನೇ ಕ್ಲಾಸು ದಾಟಿದ ಹುಡುಗಿಯರದು. ಒಬ್ಬೊಬ್ಬರೇ ಬಿಡುತ್ತಾರೆ. ದಡದಲ್ಲಿ ಶೌಚಾಲಯ ಇಲ್ಲ, ನೋಡುತ್ತಾ ನಿಲ್ಲುವ ಗಂಡಸರು ಜಾಸ್ತಿ. ಹತ್ತಿರದ ಎರಡು ಮನೆಯವರು ಬಚ್ಚಲುಮನೆ ಬಳಸಲು ಒಪ್ಪಿದ್ದಾರೆ. ಚೂಡಿದಾರ್‌ನಲ್ಲೇ ಆಡಬಹುದು ಅಂತ ಹೇಳಿದ್ದೇವೆ. ಜೊತೆಗೆ ತಾಯಂದಿರದ್ದೇ ಒಂದು ಥ್ರೋಬಾಲ್ ತಂಡ ಕಟ್ಟಿದ್ದೇವೆ, ಭಾನುವಾರ ಸಂಜೆ ಆಡುತ್ತಾರೆ. ಅಮ್ಮನೇ ಚೆಂಡು ಹಿಡಿದು ನಿಂತ ಮನೆಯಲ್ಲಿ ಮಗಳಿಗೆ ‘ಸಾಕು, ಆಡಿದ್ದು’ ಅನ್ನುವವರು ಇಲ್ಲ. ಪೇಟೆಯಲ್ಲಿ ಪಂದ್ಯ ಇದ್ದಾಗ ಶಕ್ತಿ ಯೋಜನೆಯಿಂದ ಹೆಂಗಸರಿಗೂ ಹುಡುಗಿಯರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಬೇಡ. ಹುಡುಗರ ಬಸ್ ಚಾರ್ಜಿಗೆ ಮಾತ್ರ ನಾವು ವರ್ಗಣಿ ಎತ್ತುತ್ತೇವೆ.