ಬೆಕ್ಕಿನ ಮರಿಗೆ ಯಾವ ಇಂಜೆಕ್ಷನ್, ಯಾವಾಗ?

ಬದಿಯಡ್ಕ, ಕುಂಬಳೆ ಕಡೆ ನಮ್ಮಲ್ಲಿ ಹೆಚ್ಚಿನ ಬೆಕ್ಕುಗಳು ಅಡಿಕೆ ತೋಟ ಸುತ್ತಿ ಊಟದ ಹೊತ್ತಿಗೆ ಮಾತ್ರ ಮನೆಗೆ ಬರುವಂಥವು. ಹಾಗಾಗಿ ‘ಮನೆ ಬೆಕ್ಕಿಗೆ ಯಾಕೆ ಇಂಜೆಕ್ಷನ್’ ಅಂತ ಸುಮ್ನೆ ಬಿಡಬೇಡಿ.

ಎಲ್ಲ ಬೆಕ್ಕಿಗೂ ಬೇಕಾದದ್ದು ಎರಡು. ಒಂದು ಟ್ರೈಕ್ಯಾಟ್, ಇದು ಮೂರು ರೋಗಕ್ಕೆ ಒಂದೇ ಲಸಿಕೆ. ಇನ್ನೊಂದು ರೇಬೀಸ್. ಟ್ರೈಕ್ಯಾಟ್ 6ರಿಂದ 8 ವಾರಕ್ಕೆ ಶುರು, ಆಮೇಲೆ 3-4 ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವವರೆಗೆ. ಒಂದೇ ಸಲ ಹಾಕಿದರೆ ಸಾಕಲ್ವಾ ಅಂತ ನಾನೂ ಕೇಳಿದ್ದೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅದು ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕುವುದು. ಕೊನೆಯ ಡೋಸ್ ತಪ್ಪಿಸುವವರೇ ಜಾಸ್ತಿ, ಮುಖ್ಯವಾದದ್ದು ಅದೇ!

ಟ್ರೈಕ್ಯಾಟ್ ತಡೆಯುವ ಮೂರು ರೋಗಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಕೆಟ್ಟದ್ದು. ವಾಂತಿ, ಭೇದಿ ಆಗಿ ಮರಿಗಳು ಬೇಗ ಸಾಯುತ್ತವೆ. ವೈರಸ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಒಂದು ಮರಿ ಹೋದ ಮನೆಗೆ ಲಸಿಕೆ ಆಗದ ಇನ್ನೊಂದನ್ನು ತರಬೇಡಿ.

ರೇಬೀಸ್ 12 ವಾರಕ್ಕೆ, ಒಂದು ವರ್ಷಕ್ಕೆ ಮತ್ತೊಂದು. ಮುಂದಿನದು ಡಾಕ್ಟರ್ ಹೇಳಿದ ಹಾಗೆ. ಹೊರಗೆ ಕಾದಾಡುವ ಬೆಕ್ಕಾದರೆ ಲ್ಯುಕೀಮಿಯಾ (ಬೆಕ್ಕಿನಿಂದ ಬೆಕ್ಕಿಗೆ ಹರಡುವ ಒಂದು ವೈರಸ್ ರೋಗ) ಲಸಿಕೆ ಬೇಕಾ ಅಂತಲೂ ಕೇಳಿ.

ಮೃಗಾಸ್ಪತ್ರೆಗೆ ಹೋಗುವ ಮೊದಲು ಒಂದು ಫೋನ್ ಮಾಡಿ, ಬೆಕ್ಕಿನ ಲಸಿಕೆ ಯಾವಾಗಲೂ ಇರುವುದಿಲ್ಲ. ಮರಿಯನ್ನು ಗೋಣಿಯಲ್ಲಿ ತುಂಬಿಸಬೇಡಿ ಮಾರಾಯ್ರೇ, ತೂತು ಇರುವ ಬುಟ್ಟಿ ಸಾಕು.