ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಒಂದೇ ಕೇಬಲ್‌ನಲ್ಲಿ

ನಮ್ಮ ಹಾಸನ ಜಿಲ್ಲೆಯ ಹೊಯ್ಸಳ ಗುಡಿಗಳ ಫೋಟೊ ತೆಗೆಯುವುದು ನನಗೆ ಬಹಳ ವರ್ಷಗಳ ಗೀಳು. ಬೇಲೂರು, ಹಳೇಬೀಡು ಮಾತ್ರವಲ್ಲ, ಕೋರವಂಗಲ, ಮೊಸಳೆ, ಹಾರನಹಳ್ಳಿ, ದೊಡ್ಡಗದ್ದವಳ್ಳಿಯೂ ಸೇರಿ ಎಲ್ಲ ಚಿತ್ರಗಳು ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿದ್ದವು, ಹೆಚ್ಚುಕಡಿಮೆ 500 ಜಿಬಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹೊಸ ಲ್ಯಾಪ್‌ಟಾಪ್ ತಂದೆ. ಸಾಗಿಸುವಾಗ ಒಂದು ಫೈಲೂ ಕಳೆಯಬಾರದು ಎಂಬುದೇ ನನಗೆ ಮುಖ್ಯವಾಗಿತ್ತು. ದೊಡ್ಡಗದ್ದವಳ್ಳಿಯ ಕಾಳಿ ವಿಗ್ರಹ 2020ರ ನವೆಂಬರಿನಲ್ಲಿ ಭಗ್ನವಾಯಿತು. ಅದಕ್ಕೂ ಮೊದಲಿನ ಚಿತ್ರಗಳನ್ನು ಮತ್ತೆ ಯಾರೂ ತೆಗೆಯಲಾರರು.

"ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಆಗಲ್ವಾ ಮಾವ?" ಅಂದ ಅಕ್ಕನ ಮಗ. ತುಂಬಿಸೋದು, ಸುರಿಯೋದು, ಮತ್ತೆ ತುಂಬಿಸೋದು. ಯಾವ ಫೋಲ್ಡರ್ ಹೋಯಿತು, ಯಾವುದು ಉಳಿಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಡ್ರೈವ್ ಎಫ್ಎಟಿ32 ಎಂಬ ಹಳೇ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿ ಮೀರಿದ ವಿಡಿಯೊ ಅದಕ್ಕೆ ಹತ್ತುವುದೂ ಇಲ್ಲ. ಮನೆಯ ರೌಟರಿನ ಪೋರ್ಟ್ 100 ಎಂಬಿಪಿಎಸ್‌ನದು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ, ಕೈಗೆ ಸಿಗುವುದು 11ರ ಆಸುಪಾಸು. ಆ ಲೆಕ್ಕದಲ್ಲಿ 500 ಜಿಬಿಗೆ ಹನ್ನೆರಡು ಗಂಟೆ ಮೀರುತ್ತದೆ.

ಆದ್ದರಿಂದ ಎರಡೂ ಕಂಪ್ಯೂಟರುಗಳನ್ನು ಕ್ಯಾಟ್5ಇ ಎಂಬ ನೆಟ್‌ವರ್ಕ್ ಕೇಬಲ್‌ನಿಂದ ನೇರವಾಗಿ ಜೋಡಿಸಿದೆ. ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸುವ ಲ್ಯಾನ್ ಪೋರ್ಟ್ ಇರಲಿಲ್ಲ, ಯುಎಸ್‌ಬಿ 3 ಅಡಾಪ್ಟರ್ ಹಾಕಿದೆ. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟುಗಳಿಗೆ, ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಿಲ್ಲ, ಮಾಮೂಲಿ ಕೇಬಲ್ ಸಾಕು. ಆದರೆ ಒಳಗಿನ ಎಂಟು ತಂತಿಗಳೂ ಸರಿಯಿರಬೇಕು. ನಾಲ್ಕೇ ಕೆಲಸ ಮಾಡಿದರೆ ವೇಗ 100ಕ್ಕೆ ಇಳಿಯುತ್ತದೆ. ವಿಳಾಸ ಹಂಚುವ ರೌಟರ್ ನಡುವೆ ಇಲ್ಲದ ಕಾರಣ, ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಲು ಬೇಕಾದ ಐಪಿ ವಿಳಾಸ ನಾನೇ ಕೊಟ್ಟೆ: ಡೆಸ್ಕ್‌ಟಾಪಿಗೆ 192.168.50.1, ಲ್ಯಾಪ್‌ಟಾಪಿಗೆ 192.168.50.2, ಎರಡೂ ಒಂದೇ ನೆಟ್‌ವರ್ಕಿನವು ಎಂದು ತಿಳಿಸುವ ಮಾಸ್ಕ್ ಎರಡಕ್ಕೂ 255.255.255.0. ಹೊರಗಿನ ನೆಟ್‌ವರ್ಕಿಗೆ ದಾರಿಯಾಗುವ ಗೇಟ್‌ವೇ ಖಾಲಿ. ಇಂಥ ಜೋಡಣೆಯನ್ನು ವಿಂಡೋಸ್ ಪಬ್ಲಿಕ್ ನೆಟ್‌ವರ್ಕ್ ಎಂದು ಎಣಿಸಿ ಫೈಲ್ ಹಂಚಿಕೆಯನ್ನು ತಡೆಯುತ್ತದೆ. ಡೆಸ್ಕ್‌ಟಾಪಿಗೆ ಬೇರೆ ಯಾವ ನೆಟ್‌ವರ್ಕೂ ಇಲ್ಲವೆಂದು ನೋಡಿಕೊಂಡು, ಕೆಲಸ ಮುಗಿಯುವತನಕ ಮಾತ್ರ ಆ ಹಂಚಿಕೆಯನ್ನು ಆನ್ ಮಾಡಿದೆ.

ಫೋಟೊ ಫೋಲ್ಡರನ್ನು ಶೇರ್ ಮಾಡುವಾಗ ಓದುವ ಅನುಮತಿ ಮಾತ್ರ ಕೊಟ್ಟೆ. ಇದನ್ನು ಯಾರಿಗಾದರೂ ಒತ್ತಿ ಹೇಳುತ್ತೇನೆ: ಹಳೆಯದರಿಂದ ತಳ್ಳಬೇಡಿ, ಹೊಸದರಲ್ಲಿ ಕೂತು ಎಳೆದುಕೊಳ್ಳಿ. ಆಗ ಕೈ ಜಾರಿದರೂ ಮೂಲ ಅಳಿಯುವುದಿಲ್ಲ. ಲಾಗಿನ್ ಆಗಲು ಡೆಸ್ಕ್‌ಟಾಪಿನಲ್ಲಿ ಪಾಸ್‌ವರ್ಡ್ ಇರುವ ಬೇರೊಂದು ಬಳಕೆದಾರ ಖಾತೆ ತೆರೆದೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ, ಪಿನ್ ಕೂಡ ಇಲ್ಲಿ ನಡೆಯುವುದಿಲ್ಲ.

ಕಾಪಿಗೆ ಬಳಸಿದ್ದು ವಿಂಡೋಸಿನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ನಡೆಸುವ ರೋಬೋಕಾಪಿ. ನಮ್ಮಲ್ಲಿ ಮಳೆ ಗಾಳಿಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಗಾತ್ರ, ಸಮಯ ಎರಡೂ ಹೊಂದುವ ಫೈಲ್ ಬಿಟ್ಟು ಉಳಿದದ್ದನ್ನಷ್ಟೇ ತರುತ್ತದೆ. ಮರುಪ್ರಯತ್ನದ ಸಂಖ್ಯೆಯನ್ನು ಮಾತ್ರ ಮೊದಲೇ ಬದಲಿಸಿ. ಸುಮ್ಮನೆ ಬಿಟ್ಟರೆ ಕೆಟ್ಟ ಫೈಲೊಂದಕ್ಕೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ನಾನು 2 ಸಲ, 5 ಸೆಕೆಂಡ್ ಎಂದು ಕೊಟ್ಟೆ. ನನ್ನ ಫೋಲ್ಡರುಗಳ ಹೆಸರೆಲ್ಲ ಕನ್ನಡದಲ್ಲಿವೆ. ವರದಿಯಲ್ಲೂ ಅವು ಕನ್ನಡದಲ್ಲೇ ಬರಲೆಂದು ಆಜ್ಞೆಯಲ್ಲಿ ಲಾಗ್ ಬದಲು, ವರದಿಯನ್ನು ಯುನಿಕೋಡಿನಲ್ಲಿ ಬರೆಯುವ ಯುನಿಲಾಗ್ ಸ್ವಿಚ್ (ಆಯ್ಕೆ) ಹಾಕಿದೆ. 'ಮದನಿಕೆಯರು, ಬೇಲೂರು' ಎಂಬ ಫೋಲ್ಡರ್ ಬಂತೋ ಇಲ್ಲವೋ ಎಂದು ಹಾಗೇ ಓದಿ ತಿಳಿಯಬಹುದು.

ದೊಡ್ಡ ವಿಡಿಯೊಗಳು ಸರ‍್ರನೆ ಬಂದವು. ಸಾವಿರಾರು ಸಣ್ಣ ಫೈಲುಗಳಿದ್ದ ಫೋಲ್ಡರುಗಳು ನಿಧಾನಿಸಿದವು. ಪ್ರತಿ ಫೈಲಿಗೂ ತೆರೆಯುವ, ಮುಚ್ಚುವ ಮಾತುಕತೆ ನಡೆಯಬೇಕಲ್ಲ. ಮುಗಿದ ಮೇಲೆ ಎರಡೂ ಕಡೆಯ ಫೈಲ್ ಸಂಖ್ಯೆ, ಒಟ್ಟು ಬೈಟುಗಳನ್ನು ತಾಳೆ ನೋಡಿದೆ. ದೊಡ್ಡಗದ್ದವಳ್ಳಿಯ ಫೋಲ್ಡರಿಗೆ ಅಷ್ಟು ಸಾಲದೆನಿಸಿ, ವಿಂಡೋಸಿನದೇ ಆದ ಸರ್ಟ್‌ಯುಟಿಲ್‌ನಿಂದ ಒಂದೊಂದು ಫೈಲಿನ ಎಸ್‌ಎಚ್‌ಎ256 (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಿದೆ. ಎಲ್ಲವೂ ಹೊಂದಿದವು.

ನಂತರ ಶೇರ್ ತೆಗೆದು, ಹೊಸ ಖಾತೆ ಅಳಿಸಿ, ಐಪಿಯನ್ನು ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿದೆ. ಹಳೇ ಹಾರ್ಡ್‌ಡಿಸ್ಕ್ ಅಳಿಸದೆ ಬಿಚ್ಚಿ ಅರಸೀಕೆರೆಯ ತಮ್ಮನ ಮನೆಗೆ ಕಳಿಸಿದ್ದೇನೆ. ಎರಡನೇ ಪ್ರತಿ ಬೇರೆ ಊರಲ್ಲಿರಲಿ ಎಂದು.