ಮೊದಲು ಸಿಂಹಗಡ, ಆಮೇಲೆ ಖಡಕವಾಸ್ಲಾ: ಪುಣೆಯ ಜಲಾಶಯವನ್ನು ನೋಡುವ ಬಗೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ದಗಡೂಶೇಠ್ ಗಣಪತಿಯ ದರ್ಶನ ಮತ್ತು ಶನಿವಾರವಾಡಾ ಮುಗಿದ ಮೇಲೆ ಖಡಕವಾಸ್ಲಾ ಜಲಾಶಯದ ಮಾತು ಬಂದೇ ಬರುತ್ತದೆ. ಆದರೆ ಭಾನುವಾರ ಸಂಜೆ ಅಲ್ಲಿಗೆ ಹೋದವರ ಕಣ್ಣಿಗೆ ಬೀಳುವುದು ನೀರಿಗಿಂತ ಹೆಚ್ಚಾಗಿ ದಂಡೆಯ ಭಜಿ ಅಂಗಡಿಗಳು ಮತ್ತು ವಾಹನಗಳ ಸಾಲು. ನೀರನ್ನು ಅದರ ಮೌನದಲ್ಲಿ ಕಾಣಬೇಕೆನ್ನುವವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ, ವಾರದ ನಡುವಿನ ಒಂದು ದಿನ ಬಿಡುವು ಮಾಡಿಕೊಳ್ಳಬೇಕು. ಮೊದಲು ಸಿಂಹಗಡ ಕೋಟೆಯ ಬೆಟ್ಟದ ಮೇಲಿನಿಂದ, ಆಮೇಲೆ ದಂಡೆಯಿಂದ ಅದನ್ನು ನೋಡಬೇಕು. ಮಳೆಗಾಲದಲ್ಲಿ ಆ ಬೆಟ್ಟ ಹಸಿರಾಗಿರುವುದು ನಿಜ; ಆದರೆ ಕಾಲುದಾರಿ ಜಾರುತ್ತದೆ, ಘಾಟಿಯ ರಸ್ತೆಗೆ ಕಲ್ಲುಗಳು ಉರುಳುವುದೂ ಉಂಟು.

ಸ್ವಾರಗೇಟಿನಿಂದ ಸಿಂಹಗಡದ ಬುಡಕ್ಕೆ ಹೋಗುವ ಪಿಎಂಪಿಎಂಎಲ್ ನಗರ ಸಾರಿಗೆ ಬಸ್ಸನ್ನು ನಸುಕಿನಲ್ಲಿಯೇ ಹಿಡಿದು, ಬಲಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿ. ಅಣೆಕಟ್ಟು ದಾಟಿದ ಮೇಲೆ ರಸ್ತೆ ನೀರಿನ ಅಂಚಿನಲ್ಲಿಯೇ ಸಾಗುತ್ತದೆ. ಇಲ್ಲಿ ಇಳಿಯುವ ಆಸೆಯನ್ನು ತಡೆದುಕೊಂಡು ಬೆಟ್ಟದ ಬುಡದ ಹಳ್ಳಿ ಅತ್ಕರವಾಡಿಗೆ ಹೋಗಿ. ಬಿಸಿಲು ಏರುವ ಮೊದಲು ಬೆಟ್ಟ ಹತ್ತಿ ಮುಗಿಸುವುದು ಜಾಣತನ.

ಅತ್ಕರವಾಡಿಯಿಂದ ಮೇಲೇರುವ ಕಾಲುದಾರಿಯಲ್ಲಿ ದಾರಿ ತಪ್ಪುವ ಭಯವಿಲ್ಲ, ಆದರೆ ಏರು ಕಡಿದಾಗಿದೆ. ರೂಢಿಯಿದ್ದವರು ಒಂದು ಗಂಟೆಯ ಆಸುಪಾಸಿನಲ್ಲಿ ಹತ್ತುತ್ತಾರೆ, ಹೊಸಬರು ಎರಡು ಗಂಟೆ ಇಟ್ಟುಕೊಳ್ಳಲಿ. ಹಿಡಿತವಿರುವ ಬೂಟು ಮತ್ತು ತಲೆಗೆ ಎರಡು ಲೀಟರಿನಂತೆ ನೀರು ಬೇಕೇ ಬೇಕು. ಮೊಣಕಾಲು ನೋವಿರುವ ಹಿರಿಯರನ್ನು ಹತ್ತಿಸುವ ಹಠ ಬೇಡ. ಡೋಣಜೆಯ ಕಡೆಯಿಂದ ಶೇರ್ ಜೀಪುಗಳು ಮೇಲಿನವರೆಗೂ ಹೋಗುತ್ತವೆ.

ಕೋಟೆಯ ಬಾಗಿಲಾದ ಪುಣೆ ದರವಾಜಾದ ಬಳಿ ತಲುಪಿದಾಗ ಉತ್ತರಕ್ಕೆ ತಿರುಗಿ ನಿಲ್ಲಿ. ಕೆಳಗೆ ಹರಡಿರುವ ಖಡಕವಾಸ್ಲಾ ವಿಶಾಲವಾಗಿ ಕಂಡರೂ ಅದರಲ್ಲಿ ನಿಲ್ಲುವುದು ಸುಮಾರು 2 ಟಿಎಂಸಿ ನೀರು ಮಾತ್ರ. ಅದರ ಮೇಲ್ಭಾಗದ ಅಣೆಕಟ್ಟುಗಳಲ್ಲಿ ಪಾನಶೇತ್ 10 ಟಿಎಂಸಿಗೂ, ವರಸಗಾಂವ್ 12 ಟಿಎಂಸಿಗೂ ಹೆಚ್ಚು ಹಿಡಿಯುತ್ತವೆ. ಇವುಗಳ ಜೊತೆಗೆ ಟೇಮಘರ್ ಅಣೆಕಟ್ಟಿನ ನೀರೂ ಇಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದಲೇ ಮಳೆ ಜೋರಾದಾಗ ಖಡಕವಾಸ್ಲಾ ಬೇಗ ತುಂಬಿ, ಮುಠಾ ನದಿಗೆ ನೀರು ಬಿಡಬೇಕಾಗುತ್ತದೆ, ನಗರದೊಳಗಿನ ಭಿಡೆ ಸೇತುವೆ ಮುಳುಗುತ್ತದೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ರಭಸಕ್ಕೆ ಖಡಕವಾಸ್ಲಾವೂ ಒಡೆದು ಪುಣೆ ಜಲಾವೃತವಾಯಿತು. ಹಳೆಯ ಪೇಟೆಗಳ ಹಿರಿಯರು ಇಂದಿಗೂ ಆ ದಿನವನ್ನು ಮರೆತಿಲ್ಲ.

ಕನ್ನಡಿಗರು ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಆಸೆ. ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು ಇದೇ ಜಲಾಶಯಕ್ಕೆ, 1903ರಲ್ಲಿ. ನೀರು ಗೊತ್ತಾದ ಮಟ್ಟಕ್ಕೇರಿದಾಗ ತಾವಾಗಿಯೇ ತೆರೆದು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದ ಆ ಬಾಗಿಲುಗಳಿಂದ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವುದು ಸಾಧ್ಯವಾಯಿತು. ಕನ್ನಂಬಾಡಿಯ ಕಟ್ಟೆಯನ್ನು ಕಂಡು ಬೆಳೆದವರಿಗೆ ಈ ನೀರು ಪರದೇಶದ್ದೆನಿಸುವುದಿಲ್ಲ.

ಗಡದ ಮೇಲೆ 1670ರಲ್ಲಿ ಮಡಿದ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆಯ ಸ್ಮಾರಕವನ್ನು ನೋಡಿ, ಪಿಠಲಂ-ಭಾಕ್ರಿ ಊಟ ಮಾಡಿ. ಉತ್ತರ ಕರ್ನಾಟಕದವರಿಗೆ ಇದು ಝುಣಕ ಮತ್ತು ಜೋಳದ ರೊಟ್ಟಿಯ ನೆರೆಮನೆಯ ರುಚಿ. ಕುಡಿಕೆಯ ಮೊಸರನ್ನಂತೂ ಬಿಡಬೇಡಿ. ಕಸವನ್ನು ಚೀಲದಲ್ಲಿಯೇ ಕೆಳಗೆ ತನ್ನಿ.

ಇಳಿದ ಮೇಲೆ ಪುಣೆಯ ಬಸ್ಸು ಹತ್ತಿ, ಜಲಾಶಯದ ಬದಿಯಲ್ಲಿ, ಅಂಗಡಿಗಳಿಂದ ಸ್ವಲ್ಪ ದೂರದಲ್ಲಿ ಇಳಿದುಕೊಳ್ಳಿ. ದಂಡೆಯ ಮೇಲೆಯೇ ಕುಳಿತು ನೋಡಿ, ನೀರಿಗೆ ಮಾತ್ರ ಇಳಿಯಬೇಡಿ: ತಳದಲ್ಲಿ ಹೂಳಿದೆ, ಆಳ ಎಲ್ಲಿ ಆರಂಭವಾಗುತ್ತದೆಂದು ಮೇಲಿನಿಂದ ತಿಳಿಯುವುದಿಲ್ಲ, ಈಜು ಬಲ್ಲವರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಎದುರಿನ ದಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಿದ್ದು, ಅಲ್ಲಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಸಂಜೆ ಸಿಂಹಗಡ ರಸ್ತೆಯಲ್ಲಿ ವಾಹನಗಳ ಒತ್ತಡ ಹೆಚ್ಚುವುದರಿಂದ, ನಾಲ್ಕು ಗಂಟೆಯೊಳಗೆ ಸ್ವಾರಗೇಟಿನ ಬಸ್ಸು ಹತ್ತಿಬಿಡಿ.